ಬೆಳಕಿಗೂ ಒಡ್ಡು ಹಾಕಬಹುದು ನೋಡ್ರಿ!

"ನ್ಯಾನೋಫೋಟಾನಿಕ್ಸ್? ಅದೆಲ್ಲ ಐಐಟಿಯವರಿಗೆ ಬಿಡ್ರಿ, ನಮ್ಮ ಹುಡುಗರಿಗ್ಯಾಕ?" ಈ ಮಾತು ನಮ್ಮ ಕಡೆ ಕೇಳಿ ಕೇಳಿ ಸಾಕಾಗಿದೆ. ಇದು ಶುದ್ಧ ತಪ್ಪು ಅಂತ ಹೇಳೋಕೇ ಇವತ್ತು ಬರೀತಿದ್ದೀನಿ.

ಚಿಪ್ ಮೇಲೆ ಬೆಳಕನ್ನು ತಿರುಗಿಸುವ, ಬೇರ್ಪಡಿಸುವ ಸಾಧನಗಳಿಗೆ ಮೊದಲೆಲ್ಲ ಒಂದು ಆಕಾರ ಊಹಿಸಿ, ಬೆಳಕು ಎತ್ತ ಹೋಗುತ್ತೆ ನೋಡಿ, ಮತ್ತೆ ತಿದ್ದುತ್ತಿದ್ದರು. ಇನ್ವರ್ಸ್ ಡಿಸೈನ್ ಇದನ್ನು ಉಲ್ಟಾ ಮಾಡುತ್ತೆ. ನಮ್ಮ ಶಿರೋಳದ ಭಾಷೆಯಲ್ಲಿ ಹೇಳೋದಾದರೆ, ಮಲಪ್ರಭಾ ಕಾಲುವೆ ನೀರು ಯಾವ ಹೊಲಕ್ಕೆ ಎಷ್ಟು ಹೋಗಬೇಕು ಅಂತ ನೀವು ಹೇಳಿ. ಒಡ್ಡು ಎಲ್ಲೆಲ್ಲಿ ಹಾಕಬೇಕು ಅಂತ ಕಂಪ್ಯೂಟರ್ ಹೇಳುತ್ತೆ.

ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಬದಲಿಸಿ ನೋಡ್ತಾ ಕೂತರೆ ಆಯುಷ್ಯ ಸಾಲದು. ಬೆಳಕನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹೊರದಾರಿಯಿಂದ ಹಿಂದಕ್ಕೆ ಹರಿಸಿ ಲೆಕ್ಕ ಮಾಡಿದರೆ, ಪ್ರತಿ ಚುಕ್ಕೆಯಲ್ಲೂ ಸಿಲಿಕಾನ್ ಹೆಚ್ಚಬೇಕೋ ಕಡಿಮೆಯಾಗಬೇಕೋ ಅಂತ ಗೊತ್ತಾಗುತ್ತೆ. ಇದೇ ಅಡ್ಜಾಯಿಂಟ್ ವಿಧಾನ. ಹೀಗೆ ತಿದ್ದುತ್ತಾ ತಿದ್ದುತ್ತಾ ಆಕಾರ ಮೂಡುತ್ತೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೆಲೆನಾ ವುಚ್ಕೊವಿಚ್ ತಂಡ 1300 ಮತ್ತು 1550 ನ್ಯಾನೋಮೀಟರ್ ಬೆಳಕನ್ನು ಬೇರ್ಪಡಿಸುವ ಸಾಧನವನ್ನು ಹೀಗೇ ಮಾಡಿ ತೋರಿಸಿತು. ಅದರ ಅಳತೆ 2.8 ಮೈಕ್ರೋಮೀಟರ್ ಚೌಕ! ನೋಡೋಕೆ ಯಾರೋ ಮಸಿ ಚೆಲ್ಲಿದ ಹಾಗೆ, ಯಾವ ಮನುಷ್ಯನೂ ಊಹಿಸಿ ಬಿಡಿಸುವ ಚಿತ್ರವಲ್ಲ.

"ಎಲ್ಲ ಕಂಪ್ಯೂಟರೇ ಮಾಡಿದರೆ ಎಂಜಿನಿಯರ್ ಯಾಕೆ?" ಅನ್ನೋರೂ ಇದ್ದಾರೆ. ಸ್ವಾಮಿ, ಏನು ಬೇಕು ಅಂತ ಹೇಳೋರು ಯಾರು? ಇಷ್ಟಕ್ಕಿಂತ ಸಣ್ಣ ಗೆರೆ ಕೆತ್ತಲಾಗದು ಅಂತ ಕಟ್ಟಳೆ ಹಾಕದಿದ್ದರೆ, ಅದು ಯಾವ ಕಾರ್ಖಾನೆಯೂ ತಯಾರಿಸಲಾಗದ ಚಿತ್ರ ಕೊಟ್ಟು ಸುಮ್ಮನಾಗುತ್ತೆ.

ಇನ್ನು ದುಡ್ಡಿನ ಮಾತು. ಕೆತ್ತೋಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕು, ನಿಜ. ಆದರೆ ವಿನ್ಯಾಸಕ್ಕೆ ಬೇಡ. ಎಂಐಟಿಯಲ್ಲಿ ಹುಟ್ಟಿದ ಮೀಪ್ ಅನ್ನೋ ತಂತ್ರಾಂಶ ಪುಕ್ಕಟೆ, ಅಡ್ಜಾಯಿಂಟ್ ಲೆಕ್ಕವೂ ಅದರಲ್ಲೇ ಇದೆ. ಎರಡು ಆಯಾಮದ ಸಣ್ಣ ಲೆಕ್ಕಗಳು ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಆಗುತ್ತವೆ. ಕೆತ್ತುವ ಸೌಲಭ್ಯ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. 2008ರಲ್ಲಿ ಶುರುವಾದ ಐಎನ್‌ಯುಪಿ ಯೋಜನೆ ಅಂಥ ಬಾಗಿಲನ್ನು ಹೊರಗಿನ ಸಂಶೋಧಕರಿಗೂ ತೆರೆಯಿತು.

ಹಾಗಾದರೆ ಕೊರತೆ ಯಾವುದು? ದುಡ್ಡಲ್ಲ, ಬುದ್ಧಿಯಲ್ಲ. "ನಿಮಗ್ಯಾಕ" ಅನ್ನೋ ಆ ಒಂದು ಮಾತು. ಕೊನೇ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವ ಬದಲು ಹುಡುಗರು ಇದನ್ನು ಮಾಡಲಿ. ಕನ್ನಡದಲ್ಲೇ ಒಬ್ಬರಿಗೊಬ್ಬರು ಹೇಳಿಕೊಡಲಿ. ಮ್ಯಾಕ್ಸ್‌ವೆಲ್ಲನ ಸಮೀಕರಣ ಊರು ಕೇಳೋದಿಲ್ಲ.

ಏನಂತೀರಿ?