ಮಗಳನ್ನ ಕಳಿಸಾಕ ಎಷ್ಟು ಖರ್ಚು ಬರ್ತದ?

‘ಮೇಡಂ, ಅಮೆರಿಕಾಕ್ಕ ಕಳಿಸಬೇಕಂದ್ರ ಎಷ್ಟು ಖರ್ಚು ಬರ್ತದ್ರೀ?’

ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ಹೆಣ್ಣುಮಕ್ಕಳ ತಾಯಂದಿರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಬಾಗಲಕೋಟೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿ ನಿವೃತ್ತಳಾದ ಮೇಲೂ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಈಚೆಗೆ ಇಳಕಲ್ಲಿನ ಒಂದು ಮನೆಗೆ ಹೋಗಿದ್ದೆ. ಮನೆಯಲ್ಲಿ ಎರಡು ಮಗ್ಗ. ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಹುನಗುಂದದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಮಾಡುವ ಆಸೆ. ಅಪ್ಪ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲದ ಲೆಕ್ಕ ಕೇಳಿಕೊಂಡು ಬಂದು ಗಾಬರಿಯಾಗಿ ಕೂತಿದ್ದರು. ಆ ಕಡೆ ಗಂಡಿನವರು ನೋಡಿಹೋಗಿ ಉತ್ತರಕ್ಕೆ ಕಾಯುತ್ತಿದ್ದರು. ಹುಡುಗಿ ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ತುಟಿ ಪಿಟ್ ಎನ್ನದೆ.

ಆ ಪ್ರಶ್ನೆಯೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ‘ನಾವು ಎಷ್ಟು ಕಟ್ಟಬೇಕು’ ಅಂತಲ್ಲ, ‘ಅವರು ಎಷ್ಟು ಕೊಡ್ತಾರೆ’ ಅಂತ ಕೇಳಬೇಕು. ಎಂಜಿನಿಯರಿಂಗ್ ಹುಡುಗರು ಎಂ.ಎಸ್. ಮಾಡಲು ಲಕ್ಷಗಟ್ಟಲೆ ಸಾಲ ಮಾಡಿ ಹೋಗುವುದನ್ನು ನೋಡಿ ನೋಡಿ ನಮ್ಮ ಜನ ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಗಣಿತದ ಪಿಎಚ್.ಡಿ. ಕಥೆ ಬೇರೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್, ಜೀವವಿಜ್ಞಾನ, ಅರ್ಥಶಾಸ್ತ್ರ ಓದುವ ನೂರಾರು ಮಕ್ಕಳು ಕ್ಯಾಲ್ಕುಲಸ್ ಕಲಿಯಲೇಬೇಕು. ದೊಡ್ಡ ತರಗತಿಯಲ್ಲಿ ಪ್ರೊಫೆಸರ್ ಪಾಠ ಮಾಡುತ್ತಾರೆ. ಆಮೇಲೆ ಮಕ್ಕಳನ್ನು ಸಣ್ಣ ಗುಂಪು ಮಾಡಿ ಲೆಕ್ಕ ಬಿಡಿಸಿಕೊಡಲು, ಪೇಪರ್ ತಿದ್ದಲು, ಡೌಟ್ ಕೇಳಲು ಬಂದವರಿಗೆ ಉತ್ತರ ಹೇಳಲು ಜನ ಬೇಕಲ್ಲ? ಆ ಕೆಲಸಕ್ಕೆ ಪಿಎಚ್.ಡಿ. ವಿದ್ಯಾರ್ಥಿಗಳನ್ನೇ ತೆಗೆದುಕೊಳ್ಳುತ್ತಾರೆ. ಇದೇ ಟೀಚಿಂಗ್ ಅಸಿಸ್ಟೆಂಟ್‌ಶಿಪ್. ಸಾಮಾನ್ಯವಾಗಿ ಬೋಧನಾ ಶುಲ್ಕ ಮಾಫಿ, ಮೇಲೆ ಸ್ಟೈಪೆಂಡ್. ವಿದ್ಯಾರ್ಥಿ ವೀಸಾದಲ್ಲಿ ಓದು ನಡೆದಿರುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ.

ಇಷ್ಟು ಹೇಳಿದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸುವುದರಲ್ಲೇ ಕಣ್ಣು ಸವೆಸಿದ ಹೆಂಗಸು. ‘ಅಂದ್ರ ಇದು ದಾನ ಅಲ್ಲ, ಸಾಲಾನೂ ಅಲ್ಲ. ಕೂಲಿ ಅನ್ರಿ’ ಎಂದರು.

ಹೌದವ್ವ, ಕೂಲಿನೇ. ನಾನು ಅರ್ಧ ಗಂಟೆ ಹೇಳಿದ್ದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿದರು.

ಹೆಣ್ಣುಮಗಳು ಗಣಿತ ಓದಿ ಸಮುದ್ರ ದಾಟುವುದು ನಮ್ಮ ರಾಜ್ಯಕ್ಕೇನು ಹೊಸದೇ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿದ ರಾಜೇಶ್ವರಿ ಚಟರ್ಜಿ 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಮುಗಿಸಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಆಗ ಮದುವೆಯಾಗದ ಹುಡುಗಿಯನ್ನು ಅಷ್ಟು ದೂರ ಕಳಿಸಿದ ಆ ಮನೆಯವರ ಧೈರ್ಯ ದೊಡ್ಡದು. ಈಗ ನಮಗೆ ದಿನಾ ರಾತ್ರಿ ವಿಡಿಯೋ ಕಾಲ್‌ನಲ್ಲಿ ಮುಖ ನೋಡುವ ಸೌಲಭ್ಯವಿದೆ. ಆದರೂ ನಾವೇ ಹೆಚ್ಚು ಹೆದರುತ್ತೇವೆ!

ಇನ್ನು ಅರ್ಜಿಯ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬಾದಾಮಿಯ ಒಬ್ಬಳು ವಿದ್ಯಾರ್ಥಿನಿ ಶಿಫಾರಸು ಪತ್ರ ಕೇಳಿಕೊಂಡು ಬಂದಳು. ‘ಶ್ರದ್ಧಾವಂತೆ, ವಿನಯವಂತೆ, ಒಳ್ಳೆಯ ನಡತೆಯವಳು’ ಎಂದು ಹತ್ತು ಸಾಲು ಬರೆದು ಸಹಿ ಹಾಕಿದೆ. ಮದುವೆಗೆ ಕೊಡುವ ಸರ್ಟಿಫಿಕೇಟು! ಆಕೆ ಐದು ಕಡೆ ಅರ್ಜಿ ಹಾಕಿದಳು, ಐದೂ ಕಡೆಯಿಂದ ಇಲ್ಲ ಅಂತ ಬಂತು. ನನ್ನ ಪತ್ರವೊಂದೇ ಕಾರಣ ಎನ್ನಲಾರೆ. ಆದರೆ ಒಂದು ದಿನ ನಾನು ಬೋರ್ಡಿನ ಮೇಲೆ ಲಿಮಿಟ್ಟನ್ನೂ ಇಂಟಿಗ್ರಲ್ಲನ್ನೂ ಅವಸರದಲ್ಲಿ ಅದಲುಬದಲು ಮಾಡಿದಾಗ, ‘ಇಲ್ಲಿ ಯೂನಿಫಾರ್ಮ್ ಕನ್ವರ್ಜೆನ್ಸ್ ಐತೇನ್ರೀ ಮೇಡಂ?’ ಎಂದು ಎದ್ದು ಕೇಳಿದ್ದವಳು ಇದೇ ಹುಡುಗಿ. ಕನ್ವರ್ಜೆನ್ಸ್ ಇರಲಿಲ್ಲ. ನನ್ನ ಪ್ರೂಫ್ ತಪ್ಪಿತ್ತು. ಪತ್ರದಲ್ಲಿ ಬರೆಯಬೇಕಾದ ಮಾತು ಇದ್ದದ್ದು ಅದೊಂದೇ, ಅದನ್ನೇ ನಾನು ಬಿಟ್ಟೆ. ಮರೆತೆ ಅಂದರೆ ಸುಳ್ಳಾದೀತು. ವಿದ್ಯಾರ್ಥಿನಿ ನನ್ನ ತಪ್ಪು ಹಿಡಿದಳು ಅಂತ ಬರೆಯಲು ಮನಸ್ಸು ಬರಲಿಲ್ಲ.

ಆದ್ದರಿಂದ ಉಪನ್ಯಾಸಕ ಮಿತ್ರರೇ, ನಡತೆಯ ಮಾತು ಸಾಕು. ಹುಡುಗಿ ಯಾವ ಪ್ರಮೇಯ ಸಾಧಿಸಿದಳು, ಯಾವ ಪ್ರಶ್ನೆ ಕೇಳಿದಳು, ನಿಮ್ಮ ತರಗತಿಯಲ್ಲಿ ಎಷ್ಟನೆಯವಳು ಎಂದು ಬರೆಯಿರಿ. ಹುಡುಗಿಯರೇ, ನೀವೂ ಅಷ್ಟೇ. ಪತ್ರ ಕೇಳಲು ಹೋಗುವಾಗ ಬರಿಗೈಲಿ ಹೋಗಬೇಡಿ, ಮಾಡಿದ ಪ್ರಾಜೆಕ್ಟು, ಅಂಕಪಟ್ಟಿ, ಇಂಥ ಎರಡು ನೆನಪು ಬರೆದುಕೊಂಡು ಹೋಗಿ. ಕನಿಷ್ಠ ಒಂದೂವರೆ ತಿಂಗಳು ಮೊದಲು. ಸಾಮಾನ್ಯವಾಗಿ ಮೂರು ಪತ್ರ ಬೇಕಾಗುತ್ತವೆ.

ನಿಮ್ಮ ಉದ್ದೇಶ ಬರೆಯುವ ಪುಟದಲ್ಲಿ ‘ಬಾಲ್ಯದಿಂದಲೂ ಗಣಿತವೆಂದರೆ ಪ್ರೀತಿ’ ಅಂತ ಶುರು ಮಾಡಲೇಬೇಡಿ. ಎಲ್ಲರೂ ಬರೆಯುವುದು ಅದನ್ನೇ. ಮುಂದೆ ಯಾವ ಗಣಿತ ಮಾಡಬೇಕು, ಅದಕ್ಕಾಗಿ ಈಗಾಗಲೇ ಏನು ಓದಿದ್ದೀರಿ ಎಂದು ನೇರ ಹೇಳಿ. ಕಲಿಸಿದ ಅನುಭವವನ್ನಂತೂ ಮುಚ್ಚಿಡಬೇಡಿ. ಇಳಕಲ್ಲಿನ ಹುಡುಗಿ ಹುನಗುಂದದ ಕೆಲಸವನ್ನು ತನ್ನ ಬಯೋಡೇಟಾದಲ್ಲಿ ಹಾಕಿರಲೇ ಇಲ್ಲ! ‘ಬರೀ ಗೆಸ್ಟ್ ರೀ ಮೇಡಂ’ ಅಂದಳು. ಮಾತಾಡಿಸಿದಾಗ ಗೊತ್ತಾಯಿತು, ಆಕೆ ತರಗತಿಯನ್ನು ಅದೇ ತಾಲ್ಲೂಕಿನ ಐಹೊಳೆಗೆ ಕರೆದೊಯ್ದಿದ್ದಳಂತೆ. ಮೇಗುತಿ ಗುಡಿಯ ರವಿಕೀರ್ತಿಯ ಶಾಸನದಲ್ಲಿ ಕಾಲವನ್ನು ಎರಡು ಲೆಕ್ಕದಲ್ಲಿ ಕೊಟ್ಟಿದೆ: ಭಾರತ ಯುದ್ಧದಿಂದ 3735 ವರ್ಷ, ಶಕ 556. ಇವೆರಡರ ಅಂತರ ಹಿಡಿದು ಬೇರೆ ಯಾವ ಶಕವರ್ಷವನ್ನಾದರೂ ಹಳೆಯ ಲೆಕ್ಕಕ್ಕೆ ತರುವ ಸೂತ್ರ ನೀವೇ ಬರೆಯಿರಿ ಎಂದು ಮಕ್ಕಳಿಗೆ ಬಿಟ್ಟಳಂತೆ. 3179 ಎಂದು ಹಿಂದಿನ ಬೆಂಚಿನವರೂ ಕೂಗಿದರಂತೆ. ಇದನ್ನು ಬರೆಯದೆ ಇನ್ನೇನು ಬರೀತಿ ತಂಗಿ ಅಂದೆ.

ಕೆಲವು ವ್ಯವಹಾರದ ಮಾತು. ಹೆಚ್ಚಿನ ಅರ್ಜಿಗಳ ಕೊನೆ ದಿನ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ಓದು ಶುರುವಾಗುವುದು ಆಗಸ್ಟ್ ಹೊತ್ತಿಗೆ. ಟಿಎ ಸಿಗುವುದು ಬಹುಮಟ್ಟಿಗೆ ಪಿಎಚ್.ಡಿ.ಗೆ, ಬರೀ ಮಾಸ್ಟರ್ಸ್‌ಗೆ ಕಡಿಮೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಾಡುವ ಭಾಗದ ಅಂಕವನ್ನು ಟಿಎ ಕೆಲಸಕ್ಕೆ ವಿಶೇಷವಾಗಿ ನೋಡುತ್ತಾರೆ, ಆದ್ದರಿಂದ ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲಿ ಒಂದು ಲೆಕ್ಕ ಬಿಡಿಸಿ ಹೇಳುವ ಅಭ್ಯಾಸ ದಿನಾ ಇರಲಿ. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇದೆಯೇ ಈಗಲೇ ನೋಡಿಕೊಳ್ಳಿ. ಅಪ್ಪನ ಹೆಸರು, ಅಡ್ಡಹೆಸರು ಹಿಂದೆಮುಂದೆ ಆಗಿ ನಮ್ಮ ಕಡೆ ಎಷ್ಟು ಜನ ಪರದಾಡಿಲ್ಲ! ಕೈಯಿಂದ ಬೀಳುವ ಖರ್ಚು ಅಂದರೆ ಅರ್ಜಿ ಶುಲ್ಕ, ಪರೀಕ್ಷೆ ಶುಲ್ಕ, ವೀಸಾ, ವಿಮಾನದ ಟಿಕೆಟ್ಟು, ಮೊದಲ ತಿಂಗಳ ಊಟ-ಬಾಡಿಗೆ. ಅರ್ಜಿ ಶುಲ್ಕ ಮಾಫಿ ಮಾಡಿ ಎಂದು ವಿಭಾಗಕ್ಕೆ ಒಂದು ಇ-ಮೇಲ್ ಬರೆದು ಕೇಳಲು ನಾಚಿಕೆ ಬೇಡ, ಕೆಲವರು ಮಾಡುತ್ತಾರೆ. ಆಫರ್ ಪತ್ರ ಬಂದಾಗ ಅಪ್ಪ-ಅವ್ವನ ಜೊತೆ ಕೂತು ಓದಿ: ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಆರೋಗ್ಯ ವಿಮೆ ಸೇರಿದೆಯೋ, ಯಾವ ಶುಲ್ಕ ಮಾಫಿ ಆಗಿಲ್ಲ, ಎಷ್ಟು ವರ್ಷದ ಭರವಸೆ. ಇಂಥ ಆರ್ಥಿಕ ನೆರವಿನ ಆಫರ್‌ಗೆ ಏಪ್ರಿಲ್ 15ರ ಮೊದಲು ಉತ್ತರ ಕೊಡಿ ಎಂದು ಒತ್ತಾಯಿಸುವುದಿಲ್ಲ ಎಂದು ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಹೀಗಾಗಿ ಅವಸರ ಬೇಡ.

ಆದರೆ ಒಂದೇ ಬುಟ್ಟಿಗೆ ಎಲ್ಲ ರೊಟ್ಟಿ ಹಾಕಬೇಡಿ. 2025ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟು ಕಡಿಮೆ ಮಾಡಿದವು, ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನ ಕೆಲವು ವಾರ ನಿಂತೇ ಹೋಗಿತ್ತು. ನಮ್ಮಲ್ಲೇ ಐಐಟಿಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಬೋಧನೆಗೆ ಸಹಾಯ ಮಾಡಿ ಫೆಲೋಶಿಪ್ ಪಡೆಯುತ್ತಾರೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000 ಆಯಿತು. 2016ರಲ್ಲಿ ಶುರುವಾದ ಐಐಟಿ ನಮ್ಮ ಧಾರವಾಡದಲ್ಲೇ ಇದೆ. ಗೇಟ್, ನೆಟ್ ಎರಡಕ್ಕೂ ಕೂತಿರಿ.

ಮದುವೆ? ಅದನ್ನು ಬಿಟ್ಟು ಬರೆದರೆ ನೀವು ನನ್ನನ್ನು ಬಿಡುವುದಿಲ್ಲ ಅಂತ ಗೊತ್ತು. ಮದುವೆ ಬೇಡ ಎಂದು ನಾನು ಹೇಳುತ್ತಿಲ್ಲ. ಗಂಡಿನವರಿಗೆ ಮೊದಲೇ ಹೇಳಿ, ‘ಹುಡುಗಿ ಐದಾರು ವರ್ಷ ಓದ್ತಾಳೆ, ಓದ್ತಾ ದುಡೀತಾಳೆ’ ಎಂದು. ನಮ್ಮ ದೇಶದಲ್ಲಿ ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ. ಮುಗಿಸಲು ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಕಾಶವಿದೆ, ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನದವರೆಗೆ ರಜೆಯಿದೆ. ‘ಮದುವೆಯಾದ ಮ್ಯಾಲೆ ಆಕೀನ ಓದು ನಿಂತ್ಹಂಗ’ ಎನ್ನುವವರಿಗೆ ಈ ನಿಯಮವನ್ನು ತೋರಿಸಿ.

ಇಳಕಲ್ಲಿನಿಂದ ಹೊರಡುವಾಗ ಆ ತಂದೆ ಬಸ್ ಸ್ಟ್ಯಾಂಡಿನವರೆಗೆ ಬಂದರು. ದಾರಿಯಲ್ಲಿ ಮಾತಿಲ್ಲ. ಬಸ್ಸು ಬಂದ ಮೇಲೆ ಕೇಳಿದರು, ‘ಆ ಐಐಟಿಗೆ ಅರ್ಜಿ ಯಾವಾಗ ಬಿಡ್ತಾರ್ರೀ?’ ವರ್ಷಕ್ಕೆ ಎರಡು ಸಲ ಕರೀತಾರೆ, ವೆಬ್‌ಸೈಟ್ ನೋಡ್ತಾ ಇರಿ ಎಂದೆ. ಗಂಡಿನವರಿಗೆ ಇನ್ನೂ ಉತ್ತರ ಹೋಗಿಲ್ಲವಂತೆ. ಮಗಳು ಮಾತ್ರ ಟ್ರಾನ್ಸ್‌ಕ್ರಿಪ್ಟ್ ತರಲು ಧಾರವಾಡದ ಬಸ್ ಹತ್ತಿದ್ದಾಳೆ.