ಮೋಡಿಯ ಆಟವೂ ಬಾನಾಮತಿಯ ಭಯವೂ

ಜಾದೂಗಾರರ ಕಥೆಯುಳ್ಳ ಇಂಗ್ಲಿಷ್ ಚಲಚ್ಚಿತ್ರವೊಂದನ್ನು ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಶಿಫಾರಸು ಮಾಡುವದು ತಕ್ಕದ್ದೇ ಎಂದು ಪಾಲಕರು ಕೇಳಬಹುದು. ತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಅದರ ಕಾರಣವನ್ನು ಅರಿಕೆ ಮಾಡಿಕೊಳ್ಳುವೆವು.

ಚಿತ್ರದ ಹೆಸರು ‘ದಿ ಪ್ರೆಸ್ಟೀಜ್’. ಕ್ರಿಸ್ಟೋಫರ್ ಪ್ರೀಸ್ಟ್ ಎಂಬವರು 1995ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಕ್ರಿಸ್ಟೋಫರ್ ನೋಲನ್ ಅವರು 2006ರಲ್ಲಿ ಇದನ್ನು ನಿರ್ಮಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಲಂಡನ್ನಿನಲ್ಲಿ ಇಬ್ಬರು ಜಾದೂಗಾರರು ಮೊದಲು ಜೊತೆಗಾರರಾಗಿದ್ದು ಬಳಿಕ ಕಡುವೈರಿಗಳಾಗುತ್ತಾರೆ. ಒಬ್ಬನ ಗುಟ್ಟನ್ನು ಮತ್ತೊಬ್ಬನು ಕದಿಯಹೋಗಿ ಇಬ್ಬರ ಬಾಳೂ ಕೆಡುವದೇ ಕಥೆ. ಕೊನೆಯ ಗುಟ್ಟನ್ನು ನಾವಿಲ್ಲಿ ಒಡೆಯಲಾರೆವು.

ಒಂದು ದೃಶ್ಯವು ನಮ್ಮ ಮನಸ್ಸಿನಲ್ಲಿ ನಿಂತಿದೆ. ಪಂಜರವು ಹಕ್ಕಿಯೊಡನೆ ಮಾಯವಾಗುತ್ತಲೇ ಸಭೆಯು ಚಪ್ಪಾಳೆ ತಟ್ಟುತ್ತದೆ. ಒಬ್ಬ ಬಾಲಕನು ಮಾತ್ರ ಹಕ್ಕಿ ಸತ್ತಿತೆಂದು ಅಳುತ್ತಾನೆ. ಜೀವಂತ ಹಕ್ಕಿಯನ್ನು ತೋರಿಸಿದರೂ ಅವನ ಸಂಶಯವು ನೀಗುವದಿಲ್ಲ. ಬಾಲಕನ ಸಂಶಯವೇ ಸರಿಯಾದದ್ದು. ತೋರಿಸಿದ ಹಕ್ಕಿ ಬೇರೆ.

ಚಿತ್ರದಲ್ಲಿ ಬರುವ ಚಂಗ್ ಲಿಂಗ್ ಸೂ ನಿಜವಾಗಿ ಬಾಳಿದ್ದ ಜಾದೂಗಾರನು. ಚೀನದವನಂತೆ ವೇಷ ಹಾಕಿದ ಈತನು ವಿಲಿಯಂ ರಾಬಿನ್ಸನ್ ಎಂಬ ಅಮೇರಿಕದವನು. 1918ರಲ್ಲಿ ಲಂಡನ್ನಿನ ರಂಗದ ಮೇಲೆ ಬಂದೂಕಿನ ಗುಂಡನ್ನು ಹಿಡಿಯುವ ಆಟದಲ್ಲಿ ಗುಂಡು ತಗಲಿ, ಮರುದಿನ ತೀರಿಕೊಂಡನು. ಅಲ್ಲಿ ಮಂತ್ರವಿರಲಿಲ್ಲ, ಬಂದೂಕಿನೊಳಗೆ ಒಂದು ಉಪಾಯವಿತ್ತು, ಅದು ಕೆಟ್ಟಿತು.

ಇಷ್ಟು ದೂರದ ಮಾತು ನಮಗೇಕೆ? ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಬಾನಾಮತಿಯ ಹೆಸರು ಕೇಳದ ಮನೆಯುಂಟೇ? ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು, ಮಾಳಿಗೆಯ ಮೇಲೆ ಕಲ್ಲು ಬಿದ್ದವು ಎಂದರೆ ಹೇಗೆಂದು ಕೇಳುವವರು ವಿರಳ, ಯಾರು ಮಾಡಿಸಿದರೆಂದು ಕೇಳುವವರೇ ಬಹಳ. ಉತ್ತರವಾಗಿ ಹೆಚ್ಚಾಗಿ ಒಬ್ಬ ಬಡ ವಿಧವೆಯ ಹೆಸರು ಬರುವದು. ನಮ್ಮ ಒಂಬತ್ತನೆಯ ತರಗತಿಯ ಜಾಣ ಹುಡುಗಿಯೊಬ್ಬಳು ಬಾನಾಮತಿ ತಗಲಿತೆಂಬ ಮಾತಿನಿಂದ ವರ್ಷವಿಡೀ ಶಾಲೆಗೆ ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ವೈದ್ಯರ ಔಷಧ ಮತ್ತು ಮನೆಯವರ ಒಂದು ಮೆಲುನುಡಿ.

ಜಾತ್ರೆಯಲ್ಲಿ ಮೋಡಿ ಆಡುವ ಗಾರುಡಿಗನು ಇದು ಹೊಟ್ಟೆಪಾಡಿನ ಕೈಚಳಕವೆಂದು ತಾನೇ ಒಪ್ಪುವನು. ಅದೇ ಚಳಕವನ್ನು ಶಕ್ತಿಯೆಂದು ಮಾರುವವನೇ ಅಪಾಯಕಾರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗಾಗಿ ಸಮಿತಿಯನ್ನು ರಚಿಸಿದರು. 2017ರಲ್ಲಿ ಅಂಗೀಕೃತವಾಗಿ 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯಿದೆಯ ಪ್ರಕಾರ, ದೆವ್ವ ಬಿಡಿಸುವ ನೆವದಿಂದ ಹೊಡೆಯುವದೂ ಕಟ್ಟಿಹಾಕುವದೂ ಅಪರಾಧ. ಆದರೆ ಕಾಯಿದೆಯು ಬಾಗಿಲ ತನಕ ಬರಬಹುದು. ಒಳಗಿನ ಭಯವನ್ನು ತಾಯಂದಿರೇ ಓಡಿಸಬೇಕು.

ಚಿತ್ರದಲ್ಲಿ ದೋಷವಿಲ್ಲವೆನ್ನಲಾರೆವು. ಟೆಸ್ಲಾ ಎಂಬ ನಿಜವಾದ ವಿಜ್ಞಾನಿಯ ಹೆಸರಿನಲ್ಲಿ ಯಾವ ವಿಜ್ಞಾನಿಯೂ ಮಾಡದ ಯಂತ್ರವೊಂದನ್ನು ತಂದಿದ್ದಾರೆ; ಅದು ಬರೀ ಕಲ್ಪನೆಯೆಂದು ಮಕ್ಕಳಿಗೆ ತಿಳಿಸತಕ್ಕದ್ದು. ನೀರಿನಲ್ಲಿ ಮುಳುಗಿ ಸಾಯುವ, ನೇಣಿನ ದೃಶ್ಯಗಳಿರುವದರಿಂದ ಚಿಕ್ಕವರಿಗೆ ಬೇಡ. ಹದಿನಾರು ದಾಟಿದವರು ಹಿರಿಯರೊಡನೆ ನೋಡಲಿ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹೆಣ್ಣುಮಕ್ಕಳನ್ನು ಬಳಿಯಲ್ಲಿ ಕೂಡ್ರಿಸಿಕೊಂಡು ಈ ಚಿತ್ರವನ್ನು ನೋಡಿರಿ. ಮುಗಿದ ಮೇಲೆ ‘ಹೇಗೆ ಮಾಡಿದರವ್ವಾ?’ ಎಂದು ಮಗಳು ಕೇಳಿದರೆ, ಬೇಸರಪಡದೆ ಅವಳೊಡನೆ ಕುಳಿತು ಯೋಚಿಸಿರಿ. ಆ ಪ್ರಶ್ನೆಯನ್ನು ಕೇಳಬಲ್ಲ ಹುಡುಗಿಯು ಮುಂದೆ ನೆರೆಮನೆಯ ವಿಧವೆಯ ಮೇಲೆ ಕಲ್ಲೆತ್ತಲಾರಳು.