ಜ್ವರದ ಸೆಳವೂ ಚೀನದ ಪುರಾತನ ವೈದ್ಯವೂ

ಜ್ವರವೇರಿದ ಹಸುಳೆಯು ಕಣ್ಣಾಲಿಗಳನ್ನು ಮೇಲಕ್ಕೆ ತಿರುಗಿಸಿ, ಕೈಕಾಲು ಸೆಟೆದು ನಡುಗುವುದನ್ನು ಕಂಡ ತಾಯಿಗೆ ಒಂದೆರಡು ನಿಮಿಷಗಳೇ ಯುಗಗಳಾಗಿ ತೋರುವುವು. ನಮ್ಮ ಹಿರಿಯರು ಇಂಥದನ್ನು ಬಾಲಗ್ರಹವೆಂದರು. ಚೀನದವರು ‘ಜಿಂಗ್ ಫೆಂಗ್’, ಎಂದರೆ ಭಯವಾತವೆಂದರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುವ ಈ ಸೆಳವು ಮರಳದಂತೆ ತಡೆಯುವ ಮೂಲಿಕೆಗಳು ತಮ್ಮಲ್ಲಿ ಉಂಟೆಂದು ಚೀನದ ಪುರಾತನ ವೈದ್ಯರು ಹೇಳುತ್ತಾರೆ. ಈ ಮಾತನ್ನು ಹಾಸ್ಯಮಾಡಿ ತಳ್ಳಿಬಿಡುವುದೂ, ಪ್ರಾಚೀನವೆಂಬ ಒಂದೇ ಕಾರಣದಿಂದ ತಲೆಯ ಮೇಲೆ ಹೊರುವುದೂ ಸಮಾನವಾಗಿ ಅವಿವೇಕವೆಂದು ನಾವು ಭಾವಿಸುತ್ತೇವೆ.

ಆ ವೈದ್ಯವು ನಿನ್ನೆ ಮೊನ್ನೆಯದಲ್ಲ. ಸುಂಗ್ ಅರಸರ ಕಾಲದ ಶಿಶುವೈದ್ಯ ಚಿಯೆನ್ ಯಿಯ ಉಪದೇಶಗಳನ್ನು ಅವನ ಅನಂತರ 1119ರಲ್ಲಿ ಗ್ರಂಥರೂಪಕ್ಕೆ ತರಲಾಯಿತು. ಜ್ವರತಾಪದೊಡನೆ ಒಮ್ಮೆಗೇ ಎರಗುವ ಸೆಳವು ಬೇರೆ, ಬಹುದಿನದ ನಿಶ್ಶಕ್ತಿಯಿಂದ ಬರುವ ಸೆಳವು ಬೇರೆ, ಎರಡಕ್ಕೂ ಒಂದೇ ಮದ್ದು ಸಲ್ಲದೆಂದು ಅದು ವಿವೇಚಿಸುತ್ತದೆ. ಕೊಕ್ಕೆಯಂಥ ಮುಳ್ಳುಗಳುಳ್ಳ ‘ಗೌ ತೆಂಗ್’ ಬಳ್ಳಿ, ‘ಟಿಯೆನ್ ಮಾ’ ಗೆಡ್ಡೆ, ಗೋರೋಚನ ಮುಂತಾದುವು ಈ ರೋಗಕ್ಕೆ ಅವರು ಬಳಸುವ ದ್ರವ್ಯಗಳು. ಗೋರೋಚನವು ನಮ್ಮ ಅಜ್ಜಿಯರಿಗೂ ಅಪರಿಚಿತವಲ್ಲ.

1929ರಲ್ಲಿ ಚೀನದ ಅಂದಿನ ಸರಕಾರದ ಆರೋಗ್ಯ ಸಮಿತಿಯು ಹಳೆಯ ವೈದ್ಯವನ್ನು ಕ್ರಮೇಣ ನಿರ್ಮೂಲ ಮಾಡಲು ಗೊತ್ತುವಳಿ ಮಾಡಿತು. ಅದೇ ಮಾರ್ಚ್ 17ರಂದು ವೈದ್ಯರು ಶಾಂಘಾಯಿಯಲ್ಲಿ ನೆರೆದು ಪ್ರತಿಭಟಿಸಿದರು. ಗೊತ್ತುವಳಿ ಮೂಲೆಗೆ ಬಿದ್ದಿತು. ಸ್ವದೇಶದ ವಿದ್ಯೆಯನ್ನು ಉಳಿಸಿಕೊಂಡ ಆ ಅಭಿಮಾನಕ್ಕೆ ನಮ್ಮ ಗೌರವವುಂಟು. ಆದರೆ ಸಭೆಯಲ್ಲಿ ಗೆದ್ದ ಮಾತ್ರಕ್ಕೆ ಮದ್ದು ಮಗುವಿನ ಮೈಯಲ್ಲಿ ಗೆದ್ದಂತಾಗದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಒಮ್ಮೆ ಜ್ವರದ ಸೆಳವು ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಮಾತ್ರ ಅದು ಮರುಕಳಿಸುವುದು; ಉಳಿದವರಿಗೆ ಯಾವ ಔಷಧವನ್ನು ಕೊಡದಿದ್ದರೂ ಮತ್ತೆ ಬಾರದು. ಹೀಗಿರುವಲ್ಲಿ ಬರಿಯ ಸಕ್ಕರೆನೀರು ಕೊಟ್ಟವನೂ ಮೂವರು ತಾಯಂದಿರಲ್ಲಿ ಇಬ್ಬರಿಂದ ಕೃತಜ್ಞತೆಯನ್ನು ಪಡೆಯುವನು! ಆದುದರಿಂದ ಗುಣ ಕಂಡವರ ಸಾಕ್ಷ್ಯ ಸಾಲದು. ಮಕ್ಕಳನ್ನು ಪಕ್ಷಪಾತವಿಲ್ಲದೆ ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಕಷಾಯವನ್ನೂ ಇನ್ನೊಂದಕ್ಕೆ ನೋಟದಲ್ಲಿ ರುಚಿಯಲ್ಲಿ ಅದನ್ನೇ ಹೋಲುವ ನಿರೌಷಧ ಪಾನೀಯವನ್ನೂ ಕೊಟ್ಟು, ಒಂದೆರಡು ವರ್ಷ ಲೆಕ್ಕವಿಟ್ಟು ನೋಡಿದಲ್ಲದೆ ಸತ್ಯ ಹೊರಬೀಳದು.

ಮತ್ತೊಂದು ಮಾತು. ಈ ಸೆಳವು ನೋಡಲು ಭೀಕರವಾದರೂ ಬಹುಮಟ್ಟಿಗೆ ತಾನೇ ನಿಲ್ಲುವುದು. ಬುದ್ಧಿಗೆ ಕುಂದು ತರದು. ಇದರಿಂದಲೇ, ನಿತ್ಯ ಕೊಟ್ಟರೆ ಸೆಳವನ್ನು ತಗ್ಗಿಸುವ ಫಿನೊಬಾರ್ಬಿಟಾಲಿನಂಥ ಪಾಶ್ಚಾತ್ಯ ಔಷಧವನ್ನು ಕೂಡ, ಅದರ ಉಪದ್ರವಗಳನ್ನು ತೂಗಿ ನೋಡಿ, ಸಾಮಾನ್ಯ ಸೆಳವಿಗೆ ಬೇಡವೆಂದು ಅಮೆರಿಕದ ಶಿಶುವೈದ್ಯರ ಸಂಸ್ಥೆ 2008ರಲ್ಲಿ ಹೇಳಿತು. ಅದೇ ತಕ್ಕಡಿಯಲ್ಲಿ ಮೂಲಿಕೆಯೂ ತೂಗಬೇಕು. ಹಳೆಯ ಗುಳಿಗೆಗಳಲ್ಲಿ ಸೇರುತ್ತಿದ್ದ ಇಂಗಳೀಕವು ಪಾದರಸದ ಸಂಯುಕ್ತ. ಅದನ್ನು ಎಳೆಯ ಕೂಸಿನ ಹೊಟ್ಟೆಗೆ ಸುರಿಯುವುದು ಯಾವ ಪರಂಪರೆಯ ಹೆಸರಿನಲ್ಲಿಯೂ ಕ್ಷಮ್ಯವಲ್ಲ.

ಪರೀಕ್ಷೆಯೆಂದರೆ ಅವಮಾನವೆಂದು ಯಾರೂ ಬಗೆಯಬೇಕಾಗಿಲ್ಲ. ಚೀನದ ತೂ ಯೂಯೂ ಎಂಬ ಮಹಿಳೆ ನಾಲ್ಕನೆಯ ಶತಮಾನದ ವೈದ್ಯಗ್ರಂಥವೊಂದರ ಸುಳಿವು ಹಿಡಿದು, ಮೂಲಿಕೆಯ ಸಾರವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ, ತಾನೇ ಕುಡಿದು ನೋಡಿ, ಅನಂತರವೇ ರೋಗಿಗಳಿಗೆ ಕೊಟ್ಟಳು. ಮಲೇರಿಯಕ್ಕೆ ರಾಮಬಾಣವಾದ ಆರ್ಟೆಮಿಸಿನಿನ್ ಹೀಗೆ ಲೋಕಕ್ಕೆ ದಕ್ಕಿತು. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನ ಸಂದಿತು. ಪುರಾತನ ವೈದ್ಯಕ್ಕೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು?

ಚೀನದ ವೈದ್ಯರಿಗೆ ಹೇಳುವ ಈ ಮಾತು ನಮ್ಮ ಆಯುರ್ವೇದ ಪಂಡಿತರಿಗೂ ಅಷ್ಟೇ ಅನ್ವಯಿಸುವುದು. ಅಲ್ಲಿಯವರೆಗೆ ತಾಯಿತಂದೆಗಳು ಧೈರ್ಯಗೆಡದೆ, ಸೆಳವು ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಲಿ, ಬಾಯೊಳಗೆ ಮದ್ದನ್ನಾಗಲಿ ನೀರನ್ನಾಗಲಿ ಹಾಕದಿರಲಿ, ಗಡಿಯಾರ ನೋಡಲಿ, ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಲಿ. ಬೇಗ ನಿಂತರೂ ಮೊದಲ ಸಲವಾದರೆ ವೈದ್ಯರಿಗೆ ತೋರಿಸಲೇಬೇಕು. ಮಿದುಳುಪೊರೆಯ ಜ್ವರವೂ ಇದೇ ರೂಪದಲ್ಲಿ ಬರುವುದುಂಟು. ದೇಶಾಭಿಮಾನವು ದೊಡ್ಡದು, ಮಗುವಿನ ಪ್ರಾಣವು ಅದಕ್ಕಿಂತಲೂ ದೊಡ್ಡದು.